ಖಮರುದ್ದೀನ್ ಗೇರ್‌ಬಾಕ್ಸಿಗೆ ಕೊಟ್ಟ ವಿಶ್ರಾಂತಿ

ಬಸವಕಲ್ಯಾಣದಿಂದ ಹುಮನಾಬಾದಿನವರೆಗಿನ ಇಳಿಜಾರುಗಳನ್ನೆಲ್ಲ ಜಯಿಸಿದ ವೀರ ಯಾರೆಂದು ಎಪ್ಪತ್ತರ ದಶಕದಲ್ಲಿ ಯಾವ ಚಹಾದಂಗಡಿಯಲ್ಲಿ ಕೇಳಿದರೂ ಒಂದೇ ಹೆಸರು ಬರುತ್ತಿತ್ತು: ಡ್ರೈವರ್ ಖಮರುದ್ದೀನ್. ಜಯಿಸುವುದೆಂದರೆ ಇಷ್ಟೇ. ಇಳಿಜಾರಿನ ನೆತ್ತಿಯಲ್ಲಿ ಎಂಜಿನ್ ಬಂದ್ ಮಾಡಿ, ಗೇರು ಬಿಡಿಸಿ, ಗಾಡಿಯನ್ನು ಭೂಮಿತಾಯಿಯ ಖರ್ಚಿನಲ್ಲಿ ಕೆಳಗಿಳಿಸುವುದು. ನಮ್ಮ ಕಡೆಯ ಡ್ರೈವರುಗಳೆಲ್ಲ ಇದನ್ನು ಮಾಡುತ್ತಿದ್ದರು. ಪೆಟ್ರೋಲು ಉಳಿಸಲಾರದವನಿಗೆ ಯಾವ ಸಾಹುಕಾರನೂ ಕೀಲಿಕೈ ಕೊಡುತ್ತಿರಲಿಲ್ಲ. ಆದರೆ ಖಮರುದ್ದೀನ್ ಇಳಿದ ರಭಸದಲ್ಲೇ ಮುಂದಿನ ಏರನ್ನೂ ಅರ್ಧ ಹತ್ತಿಬಿಡುತ್ತಿದ್ದ. ಹಿಂದೆ ಕೂತವರು ಅಷ್ಟು ಹೊತ್ತು ತಮ್ಮ ತಮ್ಮ ದೇವರನ್ನು ನೆನೆಯುತ್ತಿದ್ದರಾದ್ದರಿಂದ ಸೀಮೆಯ ಭಕ್ತಿಗೂ ಅವನ ಸೇವೆ ಸಣ್ಣದಲ್ಲ.

ಇಂಥವನ ಕೈಗೆ ಅವನ ಧಣಿ, ಬಸವಕಲ್ಯಾಣದ ಬೆಲ್ಲ ಬೇಳೆಯ ವ್ಯಾಪಾರಿ ಮಹಾರುದ್ರಪ್ಪ, ಒಂದು ರಾಕ್ಷಸನನ್ನು ತಂದುಕೊಟ್ಟ. ಯಾವುದೋ ವಿದೇಶಿ ಕಂಪನಿ ಬಾವಿ ಕೊರೆಯಲು ತಂದು, ಕಲ್ಲುಮುಳ್ಳಿನಲ್ಲಿ ವರ್ಷಗಟ್ಟಲೆ ಓಡಿಸಿ, ಹೈದರಾಬಾದಿನಲ್ಲಿ ಹರಾಜು ಹಾಕಿ ಹೋದ ಭಾರಿ ಜೀಪು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ. ಮೈಲಿ ತೋರಿಸುವ ಅಂಕಿಗಳು ಎಣಿಸಿ ಎಣಿಸಿ ಬೇಸತ್ತು ಎಂದೋ ನಿಂತಿದ್ದವು. ಸೋಜಿಗವೆಂದರೆ ಅದಕ್ಕೆ ಕ್ಲಚ್ಚೇ ಇರಲಿಲ್ಲ. ಗೇರನ್ನು ಗಾಡಿಯೇ ಬದಲಿಸಿಕೊಳ್ಳುತ್ತಿತ್ತು.

“ಎಡಗಾಲಿಗಿ ಕೆಲಸಾನೇ ಇಲ್ಲಲ್ರಿ ಸಾವಕಾರ್ರ,” ಎಂದ ಖಮರುದ್ದೀನ್.

“ಹಂಗಾರ ಪಗಾರ ಅರ್ಧ ಮಾಡ್ಲೇನು?” ಎಂದ ಮಹಾರುದ್ರಪ್ಪ.

ಅಂದಿನಿಂದ ಖಮರುದ್ದೀನ್ ಆ ನಿರುದ್ಯೋಗಿ ಕಾಲನ್ನು ಸೀಟಿನ ಮೇಲೆ ಮಡಚಿಟ್ಟು ನವಾಬನಂತೆ ಜೀಪು ಓಡಿಸತೊಡಗಿದ.

ಮರುವರ್ಷ ಅವನ ಹೆಂಡತಿ ಲತೀಫಾಳಿಗೆ ಕ್ಷಯ ಅಂಟಿತು. ವಾರಕ್ಕೆ ಎರಡು ಸಲ ಹುಮನಾಬಾದಿನ ದವಾಖಾನೆಯಲ್ಲಿ ಸೂಜಿ ಹಾಕಿಸಿಕೊಳ್ಳಬೇಕು. ಮುಂದಿನ ಬೇಸಿಗೆಯವರೆಗೆ ಬಿಡದೆ ಹಾಕಿಸಿದರೆ ಬದುಕುತ್ತಾಳೆ, ನಡುವೆ ಬಿಟ್ಟರೆ ಅಷ್ಟು ದಿನ ಹಾಕಿಸಿದ್ದೂ ವ್ಯರ್ಥ ಎಂದಿದ್ದರು ಡಾಕ್ಟರು. ಬಸ್ಸಿನಲ್ಲಿ ಅವಳು ಕೆಮ್ಮಿದರೆ ಅಕ್ಕಪಕ್ಕದವರು ಎದ್ದು ಕಂಡಕ್ಟರನನ್ನು ಕರೆದು ಅವಳನ್ನು ಇಳಿಸುತ್ತಿದ್ದರು. ಮಳೆಗಾಲದಲ್ಲಂತೂ ದಾರಿಯಲ್ಲಿ ರಾಜೇಶ್ವರ ಊರಿನ ಈಚೆಗಿನ ಹಳ್ಳ ತುಂಬಿದರೆ ಬಸ್ಸೇ ಇಲ್ಲ. ರಾಕ್ಷಸ ಮಾತ್ರ ಎಮ್ಮೆಯಂತೆ ಹಳ್ಳಕ್ಕಿಳಿದು, ಎಮ್ಮೆಯಂತೆಯೇ ಮೈ ಕೊಡವಿಕೊಂಡು ಆಚೆ ಏಳುತ್ತಿತ್ತು. ಮಾಲಿನ ಚೀಲಗಳ ನಡುವೆ ಲತೀಫಾ ಕೂರಬಹುದೆಂದು ಮಹಾರುದ್ರಪ್ಪನ ಅಪ್ಪಣೆಯಾಗಿತ್ತು. ಜೀಪು ಓಡುವಷ್ಟು ದಿನ ಲತೀಫಾಳಿಗೆ ಸೂಜಿ. ಮಾತು ಅಷ್ಟು ಸರಳ.

ಆ ಮಳೆಗಾಲದಲ್ಲೇ ಗೇರು ಜಾರತೊಡಗಿತು. ಏರು ಬಂದಾಗ ಎಂಜಿನ್ ಯುದ್ಧಕ್ಕೆ ಹೊರಟಂತೆ ಅಬ್ಬರಿಸುತ್ತಿತ್ತು. ಗಾಲಿಗಳು ಸುದ್ದಿಯೇ ತಲುಪದವರಂತೆ ಸುಮ್ಮನಿರುತ್ತಿದ್ದವು. ಖಮರುದ್ದೀನ್ ದಿನಾ ಬೆಳಿಗ್ಗೆ ಗೇರ್‌ಬಾಕ್ಸಿನ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ಹಕೀಮನು ನಾಡಿ ಹಿಡಿಯುವ ಗಾಂಭೀರ್ಯದಲ್ಲಿ ಮೂಸುತ್ತಿದ್ದ. ಕೆಂಪಗಿದ್ದ ಎಣ್ಣೆ ಕಪ್ಪಾಗಿ, ಹೊತ್ತಿದ ರೊಟ್ಟಿಯ ವಾಸನೆ ಬರುತ್ತಿತ್ತು. ಹೈದರಾಬಾದಿನಿಂದ ಹೊಸ ಎಣ್ಣೆ ತರಿಸಿ ಹಾಕಿದ. ಧಣಿಗೆ ಹೇಳಿದರೆ ಮಾರಿಬಿಡುತ್ತಾನೆಂದು ಬಾಯಿ ಬಿಡಲಿಲ್ಲ. ಬದಲಿಗೆ, ದಣಿದ ಎತ್ತಿನ ನೊಗ ಇಳಿಸುವಂತೆ, ಗೇರ್‌ಬಾಕ್ಸಿಗೆ ವಿಶ್ರಾಂತಿ ಕೊಡಲು ನಿಶ್ಚಯಿಸಿದ. ಮೊದಲು ದೊಡ್ಡ ಇಳಿಜಾರುಗಳಲ್ಲಿ ಮಾತ್ರ ಬಂದ್ ಮಾಡುತ್ತಿದ್ದವನು ಈಗ ನೀರು ಕೂಡ ಹರಿಯಲು ಅನುಮಾನಿಸುವ ಇಳಿಜಾರುಗಳಲ್ಲೂ ಎಂಜಿನ್ ಬಂದ್ ಮಾಡಿ ಜೀಪನ್ನು ಉರುಳಲು ಬಿಟ್ಟ.

“ಯಾಕ್ರಿ ಬಂದ್ ಮಾಡಿದ್ರಿ? ಇದೂ ಒಂದು ಇಳಿಜಾರೇನು?” ಎಂದು ಚೀಲಗಳ ನಡುವಿನಿಂದ ಲತೀಫಾ ಕೇಳಿದಳು.

“ಜರಾ ದಮ್ ತಗೊಳ್ಳಲಿ. ಪಾಪ, ಸುಸ್ತಾಗ್ಯಾದ.”

“ನಾ ಕೆಮ್ಮಿದಾಗ ಒಂದಿನಾರ ಹಿಂಗ ಅಂದೀರೇನು?”

“ನಿನಗ ಸೂಜಿ ಅದ. ಇದಕ್ಕ ಯಾರಿದ್ದಾರ?”

ಲತೀಫಾ ನಕ್ಕಳು. ನಕ್ಕದ್ದಕ್ಕೆ ದಂಡವಾಗಿ ಮುಂದಿನ ಏರಿನವರೆಗೂ ಕೆಮ್ಮಿದಳು.

ಹುಮನಾಬಾದಿಗೆ ಮೊದಲು ಸಿಗುವ ಹುಡಗಿ ಎಂಬ ಊರಿನ ಹತ್ತಿರ ಒಂದು ದಿನ ರಾಕ್ಷಸ ಪ್ರಾಣ ಬಿಟ್ಟಿತು. ಎಂಜಿನ್ ಸರಿಯಾಗೇ ಕೂಗುತ್ತಿತ್ತು. ಗಾಲಿ ಮಾತ್ರ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಊರಿನವರು ಎರಡು ಜೋಡಿ ಎತ್ತು ಕಟ್ಟಿದರು. ಹಗ್ಗ ಹಿಡಿದವರು ಮುಂದೆ, ಸಲಹೆ ಕೊಡುವವರು ಹಿಂದೆ, ಒಳಗೆ ಬೆಲ್ಲದ ಚೀಲಗಳ ಸಿಂಹಾಸನದ ಮೇಲೆ ಬಾಯಿಗೆ ಸೆರಗು ಒತ್ತಿ ಕೂತ ಲತೀಫಾ. ಇಷ್ಟು ವೈಭವದ ಸವಾರಿ ಹುಮನಾಬಾದನ್ನು ಹೊಕ್ಕು ಬಹಳ ಕಾಲವಾಗಿತ್ತು. ಅವಳನ್ನು ದವಾಖಾನೆಗೆ ಬಿಟ್ಟು, ಜೀಪನ್ನು ಮೆಕ್ಯಾನಿಕ್ ಬದ್ರುದ್ದೀನನ ಅಂಗಡಿಗೆ ಎಳೆಸಿದರು.

ಬದ್ರುದ್ದೀನ್ ಜೀಪಿನಡಿ ತೂರಿ, ಗೇರ್‌ಬಾಕ್ಸಿನ ಎಣ್ಣೆ ಇಳಿಸಿ, ಅಂಗೈ ಮೇಲೆ ಉಜ್ಜಿ ನೋಡಿದ. ಕಾಡಿಗೆಯಂಥ ಎಣ್ಣೆಯಲ್ಲಿ ಲೋಹದ ಪುಡಿ ಮಿನುಗುತ್ತಿತ್ತು.

“ಇಳಿಜಾರಿನ್ಯಾಗ ಎಂಜಿನ್ ಬಂದ್ ಮಾಡ್ತಿದ್ದಿಯೇನು ಖಮರು ಭಾಯ್?”

“ಮಾಡ್ತಿದ್ದೆ. ನನ್ನಂಗ ಯಾರ್ ಮಾಡ್ತಾರ?” ಎಂದ ಖಮರುದ್ದೀನ್, ಎದೆ ಸ್ವಲ್ಪ ಮುಂದೆ ಮಾಡಿ.

“ಅದೇ ಆಗ್ಯಾದ ನೋಡು. ಇದರೊಳಗಿನ ಎಣ್ಣಿ ತಾನಾಗಿ ಹರಿಯಂಗಿಲ್ಲ. ಎಂಜಿನ್ ತಿರುಗಿದ್ರ ಪಂಪ್ ತಿರುಗತದ, ಪಂಪ್ ತಿರುಗಿದ್ರ ಎಣ್ಣಿ ಬರತದ. ನೀ ಎಂಜಿನ್ ಬಂದ್ ಮಾಡಿ ಗಾಲಿ ಓಡಿಸಿದಿ. ಒಳಗೆಲ್ಲ ಒಣಾ ಒಣಾ ತಿಕ್ಕ್ಯಾದ. ಕ್ಲಚ್ಚಿನ ಗಾಡಿಗಿ ಇದು ನಡೀತದ, ಇದಕ್ಕ ನಡಿಯಂಗಿಲ್ಲ.”

“ನಾ ಅದಕ್ಕ ಆರಾಮ್ ಕೊಡಾಕತ್ತಿದ್ದೆ.”

“ಸುಡಾಕತ್ತಿದ್ದಿ,” ಎಂದ ಬದ್ರುದ್ದೀನ್.

ಅದರ ಬಿಡಿಭಾಗ ಹೈದರಾಬಾದಿನಲ್ಲೂ ಇರಲಿಲ್ಲ, ಮುಂಬೈಯಲ್ಲೂ ಇರಲಿಲ್ಲ. ಮಹಾರುದ್ರಪ್ಪ ಜೀಪನ್ನು ಗುಜರಿ ಬೆಲೆಗೆ ಬದ್ರುದ್ದೀನನಿಗೇ ಬಿಟ್ಟುಕೊಟ್ಟ. ಪೆಟ್ರೋಲು ಉಳಿಸೆಂದು ವರ್ಷಗಟ್ಟಲೆ ಬೆನ್ನು ತಟ್ಟಿದವನು ತಾನೇ ಆದ್ದರಿಂದ ಬೈಯಲಿಲ್ಲ. “ಮತ್ತೊಂದು ಗಾಡಿ ತಗೊಂಡಾಗ ಕರೀತೀನಿ,” ಎಂದ. ತಗೊಂಡ. ಕರೆಯಲಿಲ್ಲ.

ಖಮರುದ್ದೀನ್ ಬಾಡಿಗೆಯ ಎತ್ತಿನ ಗಾಡಿಯಲ್ಲಿ ಲತೀಫಾಳನ್ನು ಕರೆದೊಯ್ದ. ಹಳ್ಳ ತುಂಬಿದ ವಾರ ಗಾಡಿ ದಡದಿಂದಲೇ ತಿರುಗಿತು. ಒಮ್ಮೆ ಹೆಗಲ ಮೇಲೆ ಹೊತ್ತು ದಾಟಿಸಲು ಹೋಗಿ ನಡುನೀರಿನಲ್ಲಿ ಕಾಲು ಜಾರಿದ. ಇಬ್ಬರನ್ನೂ ದನ ಕಾಯುವವರು ದಡಕ್ಕೆ ಎಳೆದು ಹಾಕಿದರು. ಒಂದು ಸೂಜಿ ತಪ್ಪಿತು, ಆಮೇಲೆ ಎರಡು, ಆಮೇಲೆ ವಾರಗಳೇ ತಪ್ಪಿದವು. ಮಳೆ ನಿಂತು ದಾರಿ ಒಣಗಿದಾಗ ಅವಳಿಗೆ ಗಾಡಿ ಹತ್ತುವ ತ್ರಾಣವಿರಲಿಲ್ಲ. ಬದ್ರುದ್ದೀನ್ ಏನೆಂದನೆಂದು ಅವಳು ಕೇಳಿದಾಗ ಖಮರುದ್ದೀನ್ ಮುಚ್ಚಿಡಲಿಲ್ಲ.

“ನೀವು ನನಗ ಆರಾಮ್ ಕೊಡಲಿಲ್ಲ, ಛಲೋ ಆತು,” ಎಂದಳು ಲತೀಫಾ. ಬಿಳಿಜೋಳ ತೆನೆ ಕಟ್ಟುವ ಹೊತ್ತಿಗೆ ಸತ್ತಳು.

ಅದಾಗಿ ಕೆಲವು ದಿನಕ್ಕೆ ಖಮರುದ್ದೀನ್ ಹುಮನಾಬಾದಿಗೆ ನಡೆದು ಬಂದ. ಬದ್ರುದ್ದೀನನ ಅಂಗಡಿಯ ಮೂಲೆಯಲ್ಲಿ ಬಿಚ್ಚಿ ಹಾಕಿದ ಗೇರ್‌ಬಾಕ್ಸು ಗೋಣಿತಟ್ಟಿನ ಮೇಲಿತ್ತು.

“ಕೂಡು ಭಾಯ್,” ಎಂದು ಬದ್ರುದ್ದೀನ್ ಸ್ಟೂಲು ಒರೆಸಿದ. “ನಾ ಆವತ್ತು ಗಡಬಡಿಯೊಳಗ ಏನೋ ಅಂದೆ. ಬಿಚ್ಚಿದ ಮ್ಯಾಲ ತಿಳೀತು. ಇದು ಹರಾಜಿಗಿ ಬರೂಕಿಂತ ಮೊದ್ಲೇ ಸುಟ್ಟಿತ್ತು. ನಿಂದೇನೂ ಇಲ್ಲ.”

ಖಮರುದ್ದೀನ್ ಕೂರಲಿಲ್ಲ. ಬಾಗಿ, ಬಳೆಯಷ್ಟು ತೆಳ್ಳಗಿನ ಒಂದು ಪ್ಲೇಟನ್ನು ಎತ್ತಿ ಹೆಬ್ಬೆರಳಿನಿಂದ ಸವರಿದ. ಬೆರಳಿಗೆ ಮಸಿ ಹತ್ತಿತು.

“ಮೊದ್ಲೇ ಸುಟ್ಟಿದ್ರ ಹಳ್ಳ ಹ್ಯಾಂಗ ದಾಟ್ತಿತ್ತು?”

“ಗಟ್ಟಿ ಮಾಲು ಇತ್ತು.”

“ಗಟ್ಟಿನೇ ಇತ್ತು. ಅದಕ್ಕ ಕೇಳಾಕತ್ತೇನಿ. ನಾ ಎಂಜಿನ್ ಬಂದ್ ಮಾಡಲ್ದ ಇದ್ದಿದ್ರ ಬ್ಯಾಸಗಿ ತನಕ ಓಡ್ತಿತ್ತೇನು?”

ಬದ್ರುದ್ದೀನ್ ಸ್ಪ್ಯಾನರನ್ನು ಒರೆಸಿದ, ಪಕ್ಕಕ್ಕಿಟ್ಟ, ಮತ್ತೆ ಎತ್ತಿಕೊಂಡು ಒರೆಸಿದ.

“ಓಡ್ತಿತ್ತು,” ಎಂದ.

ಖಮರುದ್ದೀನ್ ತಲೆಯಾಡಿಸಿದ. ಆ ಪ್ಲೇಟನ್ನು ಉಳಿದವುಗಳ ಮೇಲೆ, ಅಂಚಿಗೆ ಅಂಚು ಕೂಡುವಂತೆ, ಸದ್ದಾಗದಂತೆ ಇಟ್ಟ.