ನಿಂತ ಹರಿವು, ಅಮ್ಮನ ಸೋಪಿನ ಪುಡಿ

ಪಾಚಿ ಅಂದರೆ ಅಮ್ಮನಿಗೆ ಬಚ್ಚಲಲ್ಲಿ ಉಜ್ಜಿ ತೆಗೆಯುವ ವಸ್ತು. ನಾನು ಅದನ್ನೇ ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಬಾಲ್ಕನಿಯಲ್ಲಿ ಟಬ್ ತುಂಬ ಬೆಳೆಸುತ್ತಿದ್ದೆ. ಗೋರೆಗಾಂವ್ ಕಡೆಯ ಕೆರೆಯೊಂದರಿಂದ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ದಾದರ್‌ನಲ್ಲಿ ಲೋಕಲ್ ರೈಲು ಬದಲಿಸಿ ತಂದದ್ದು. ಎಂಬತ್ತರ ದಶಕದ ಕೊನೆ, ನಾನು ಪಿಎಚ್.ಡಿ. ವಿದ್ಯಾರ್ಥಿನಿ.

ಆ ಪಾಚಿಯ ಒಂದೊಂದು ಕೋಶವೂ ಬೆರಳುದ್ದ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಳಗಿನ ಕಣಗಳು ಒಂದು ಗೋಡೆಗುಂಟ ಮೇಲೇರಿ ಇನ್ನೊಂದರಗುಂಟ ಇಳಿಯುತ್ತವೆ, ಬಿಡುವೇ ಇಲ್ಲ. ಕ್ಯಾಲ್ಸಿಯಂ ಹೆಚ್ಚಾದರೆ ಎಲ್ಲ ಗಪ್ಪನೆ ನಿಲ್ಲುತ್ತವೆ. ಯಾಕೆ? ಕಣಗಳನ್ನು ಎಳೆಯುವ ಪ್ರೋಟೀನಿಗೆ ಆಗ ಒಂದು ಎಂಜೈಮ್ ಫಾಸ್ಫೇಟ್ ಅಂಟಿಸುತ್ತದೆ, ಎಳೆತ ನಿಲ್ಲುತ್ತದೆ ಎಂಬುದು ನಮ್ಮ ಊಹೆ. ಅದು ನಿಜವಾದರೆ, ಫಾಸ್ಫೇಟ್ ಕೀಳುವ ಇನ್ನೊಂದು ಎಂಜೈಮ್ ಹಾಕಿದಾಗ ಹರಿವು ಮರಳಬೇಕು. ಕೋಶದ ಎರಡೂ ತುದಿ ಕತ್ತರಿಸಿ ನನ್ನ ದ್ರಾವಣ ಒಳಗೆ ಹರಿಸಿ ನೋಡುತ್ತಿದ್ದೆ.

ನಿಲ್ಲುತ್ತಿತ್ತು. ಆದರೆ ಮರಳುತ್ತಿರಲಿಲ್ಲ. ಮೂರು ವಾರ ಇದೇ ಗೋಳು. ನನ್ನ ಗೈಡ್ ಮೇಡಂ, ಶುಕ್ರವಾರದವರೆಗೆ ನೋಡು, ಇಲ್ಲದಿದ್ದರೆ ಬೇರೆ ವಿಷಯ ಹಿಡಿ ಅಂದುಬಿಟ್ಟರು. ಬೇರೆ ವಿಷಯ ಹಿಡಿಯಲು ನನಗೆ ಮನಸ್ಸಿರಲಿಲ್ಲ. ಆ ಕಣಗಳ ಮೇಲೆ ನನಗೆ ಅಷ್ಟು ಮೋಹ ಹತ್ತಿತ್ತು.

ಲ್ಯಾಬಿನ ನಲ್ಲಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೀರು ಹೋಗುತ್ತಿತ್ತು. ಹಾಗಾಗಿ ದ್ರಾವಣ ತುಂಬುವ ಬಾಟಲಿಗಳನ್ನು ಮನೆಗೆ ತಂದು, ತೊಳೆದು ಬೋರಲು ಹಾಕುತ್ತಿದ್ದೆ. ಬುಧವಾರ ಬೇಗ ಎದ್ದು ಅಡುಗೆಮನೆಗೆ ಬಂದರೆ, ಅಮ್ಮ ಅವೇ ಬಾಟಲಿಗಳನ್ನು ಸೋಪಿನ ಪುಡಿಯ ನೊರೆಯಲ್ಲಿ ಮುಳುಗಿಸಿದ್ದಾಳೆ.

"ಇದನ್ನ ತೊಳಿ ಅಂತ ಯಾರು ಹೇಳಿದ್ರು?"

"ಯಾರ್ಯಾರು ಮುಟ್ಟಿದ್ದೋ ಏನೋ ಕಣೇ. ನೀನು ಬರೀ ನೀರಲ್ಲಿ ಜಾಲಿಸಿ ಇಡ್ತೀಯ. ದಿನಾ ಎರಡೆರಡು ಸಲ ಪುಡಿ ಹಾಕಿ ಉಜ್ಜಿ ಇಡ್ತಿದೀನಿ."

ಹೊರಗಿಂದ ಬಂದ ಪಾತ್ರೆಯನ್ನು ಅಮ್ಮ ಎಂದೂ ಹಾಗೇ ಒಳಗೆ ಬಿಟ್ಟವಳಲ್ಲ, ನಾನದನ್ನು ಮರೆತಿದ್ದೆ. ಆ ಪುಡಿಯಲ್ಲಿ ಇರುವುದೇ ಫಾಸ್ಫೇಟ್. ಗಾಜಿಗೆ ಅದರ ಪಸೆ ಉಳಿದಿದ್ದರೂ ಸಾಕು, ಫಾಸ್ಫೇಟ್ ಕೀಳಬೇಕಾದ ಎಂಜೈಮಿನ ಕೈ ಕಟ್ಟಿದಂತೆ. ನಾನು ಬಾಯಿಗೆ ಬಂದಂತೆ ರೇಗಿದೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.

ಶುಕ್ರವಾರ ಹೊಸ ಬಾಟಲಿ ತೆಗೆದೆ. ಹರಿವು ನಿಂತಿತು. ಎರಡನೆಯ ಎಂಜೈಮ್ ಬಿಟ್ಟು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತೆ. ಒಂದು ಕಣ ಮಿಸುಕಿತು. ಆಮೇಲೆ ಪಕ್ಕದ್ದು. ಸ್ವಲ್ಪ ಹೊತ್ತಿಗೆ ಇಡೀ ಸಾಲು ಹೊರಟಿತು. ಮೇಡಂ ಬಗ್ಗಿ ನೋಡಿ, ಮುಂದುವರಿಸು ಅಂದರು. ನನಗೆ ಅಳುವೇ ಬಂತು.

ಮರುವಾರ ಅಮ್ಮನನ್ನು ಲ್ಯಾಬಿಗೆ ಕರೆದೊಯ್ದೆ. ಕನ್ನಡಕ ತೆಗೆದು, ಎರಡೂ ಕೈ ಹಿಂದೆ ಕಟ್ಟಿಕೊಂಡು, ಏನನ್ನೂ ಮುಟ್ಟದೆ ಬಗ್ಗಿದಳು.

"ಓಡ್ತಾ ಇದೆ ಕಣೇ," ಅಂದಳು. ಆಮೇಲೆ, "ಇದನ್ನಾ ನಾನು ಮೂರು ವಾರ ನಿಲ್ಲಿಸಿದ್ದು?"

"ಇಲ್ಲಮ್ಮ. ನಿಲ್ಲಿಸಿದ್ದು ಕ್ಯಾಲ್ಸಿಯಂ."

ಅದೇನೂ ಸುಳ್ಳಲ್ಲ. ಅಮ್ಮ ತಲೆಯೆತ್ತಲಿಲ್ಲ.

"ಮತ್ತೆ ಅವತ್ತು ನನ್ನ ಮೇಲೆ ಯಾಕೆ ಅಷ್ಟು ರೇಗಿದೆ?"