ಆರು ಹೊಸ ದನಿಗಳು

ಫೆಬ್ರವರಿ ಹನ್ನೊಂದು, ಮಂಗಳವಾರ. ಆ ದಿನದ ಪುಟದಲ್ಲಿ ನಾನು ಬರೆದದ್ದು ಇಷ್ಟು: ಹದಿನೇಳನೇ ನಂಬರಿನವರು ಆಡಿದ್ದು ಇನ್ನೂರ ಹದಿನಾಲ್ಕು ಪದ, ಕಂಪ್ಯೂಟರ್ ತಪ್ಪಾಗಿ ಬರೆದದ್ದು ಐದು. ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ.

ಐದು ತೀರ ಕಡಿಮೆ. ಅಷ್ಟು ಚೆನ್ನಾಗಿ ಬರೆಯುವ ಯೋಗ್ಯತೆ ನನ್ನ ಪ್ರೋಗ್ರಾಮಿಗೆ ಇನ್ನೂ ಬಂದಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಮುಂಬೈನ ದಹಿಸರ್‌ನಲ್ಲಿ. ತಂದೆ ವಿಜಯಪುರದ ಕಡೆಯವರು, ದಕ್ಷಿಣ ಮುಂಬೈನ ಫೋರ್ಟ್‌ನ ಒಂದು ಆಫೀಸಿನಲ್ಲಿ ಗುಮಾಸ್ತರು. ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ಒಂದು ಸಂಶೋಧನಾ ಕೇಂದ್ರದಲ್ಲಿ ಪ್ರಾಜೆಕ್ಟ್ ಸಹಾಯಕಿಯಾಗಿ ಸೇರಿದ್ದೆ. ಆ ಹುದ್ದೆ ಮಾರ್ಚ್ ಮೂವತ್ತೊಂದರವರೆಗೆ ಮಾತ್ರ. ಅಲ್ಲೇ ಪಿಎಚ್.ಡಿ. ಸೀಟು ಸಿಕ್ಕರೆ ಹಿಡಿದ ಕೆಲಸ ಮುಂದುವರಿಯುತ್ತದೆ. ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಸಂದರ್ಶನ ಫೆಬ್ರವರಿ ಇಪ್ಪತ್ತೇಳಕ್ಕೆ ಗೊತ್ತಾಗಿತ್ತು.

ಹಿಡಿದ ಕೆಲಸವೆಂದರೆ, ಮುಂಬೈ ಕನ್ನಡವನ್ನು ಕೇಳಿ ಬರೆದುಕೊಳ್ಳುವ ಪ್ರೋಗ್ರಾಂ. ವಾರ್ತೆ ಓದುವವರ ಕನ್ನಡವನ್ನು ಚೆನ್ನಾಗಿ ಬರೆಯುವ ಪ್ರೋಗ್ರಾಂಗಳು ಇವೆ. ಅವುಗಳ ಮುಂದೆ ನನ್ನ ತಂದೆ ಹಿಂದಿ ಬೆರೆಸಿ ‘ಲೋಕಲ್ ಲೇಟ್ ಐತಿ, ಸ್ಟೇಷನ್ ಕೆ ಬಾಹರ್ ನಿಂತೀನಿ’ ಎಂದರೆ ಅರ್ಧ ವಾಕ್ಯ ನುಂಗಿಬಿಡುತ್ತವೆ. ಇದನ್ನು ಸರಿಮಾಡಬೇಕೆಂದು ನಾನು ಹಠ ಹಿಡಿದಿದ್ದೆ.

ಈ ಕೆಲಸಕ್ಕೆ ಒಂದು ನಿಯಮವಿದೆ. ಕೆಲವರ ದನಿ ಕೇಳಿಸಿ ಪ್ರೋಗ್ರಾಮಿಗೆ ಕಲಿಸುತ್ತೇವೆ. ಕಲಿತದ್ದನ್ನು ಪರೀಕ್ಷಿಸುವುದು ಮಾತ್ರ ಅದು ಹಿಂದೆಂದೂ ಕೇಳದವರ ದನಿಯಿಂದ. ಅಭ್ಯಾಸಕ್ಕೆ ಕೊಟ್ಟ ಲೆಕ್ಕವನ್ನೇ ಪರೀಕ್ಷೆಯಲ್ಲೂ ಕೊಟ್ಟರೆ ಬರುವ ಅಂಕಕ್ಕೆ ಅರ್ಥವಿಲ್ಲ.

ದನಿಗಳನ್ನು ಸಂಗ್ರಹಿಸಿದ್ದು ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ. ತಂದೆ ವರ್ಷಗಟ್ಟಲೆ ಅಲ್ಲಿ ಊಟ ಮಾಡಿದವರು, ಮ್ಯಾನೇಜರ್ ಪರಿಚಯ ಅವರಿಂದಲೇ ಆದದ್ದು. ಮೊದಲೆರಡು ಸಲ ಮಧ್ಯಾಹ್ನದ ಗಲಾಟೆ ಇಳಿದ ಮೇಲೆ ನಾನೇ ಎದುರು ಕೂತು ರೆಕಾರ್ಡ್ ಮಾಡಿದೆ. ಅಲ್ಲಿ ಬಡಿಸುವವರು ಒಬ್ಬೊಬ್ಬರೂ ಬೆನ್ನು ನೆಟ್ಟಗೆ ಮಾಡಿಕೊಂಡು ಶಾಲೆಯ ಪಾಠ ಒಪ್ಪಿಸುವಂತೆ ಮಾತಾಡಿದರು. ಅದು ನನಗೆ ಬೇಡವಾಗಿತ್ತು. ಹಾಗಾಗಿ ಆ ಎರಡು ದಿನದ ರೆಕಾರ್ಡಿಂಗ್ ಬಿಟ್ಟು, ರೆಕಾರ್ಡರನ್ನು ಮ್ಯಾನೇಜರ್ ಕೈಗೆ ಕೊಟ್ಟು ಕೆಳಗೆ ಕಾಫಿ ಕುಡಿಯುತ್ತ ಕೂರಲು ಶುರುಮಾಡಿದೆ. ಕೆಲಸಗಾರರು ಮೇಲಿನ ಕೋಣೆಗೆ ಹೋಗಿ ಮೊದಲು ಅಂಗಿಯ ಮೇಲಿನ ನಂಬರು ಹೇಳುವುದು, ಆಮೇಲೆ ಮನಸ್ಸಿಗೆ ಬಂದದ್ದು ಮಾತಾಡುವುದು. ಹೆಸರು ಬರೆದಿಟ್ಟುಕೊಳ್ಳಬಾರದು ಎಂಬ ಷರತ್ತು ಪ್ರಾಜೆಕ್ಟಿಗೆ ಇದ್ದುದರಿಂದ ನಂಬರು ಅನುಕೂಲವೆನಿಸಿತು. ಅಕ್ಟೋಬರ್, ನವೆಂಬರ್‌ನಲ್ಲಿ ಒಂದರಿಂದ ಹದಿನಾಲ್ಕು: ಅವು ಕಲಿಸಲು. ಜನವರಿಯಲ್ಲಿ ಹದಿನೈದರಿಂದ ಇಪ್ಪತ್ತು: ಅವು ಪರೀಕ್ಷೆಗೆ. ಫಲಿತಾಂಶ ನೂರು ಪದಕ್ಕೆ ಒಂಬತ್ತು ತಪ್ಪು. ನನ್ನ ಗೈಡ್ ಮೇಡಂ ಅದನ್ನು ನೋಡಿ ಕನ್ನಡಕ ತೆಗೆದು ಮತ್ತೊಮ್ಮೆ ಹಾಕಿಕೊಂಡಿದ್ದರು. ಪಿಎಚ್.ಡಿ. ಅರ್ಜಿಯಲ್ಲಿ ಆ ಒಂಬತ್ತೇ ನನ್ನ ದೊಡ್ಡ ಬಲ.

ಆ ಮಂಗಳವಾರ ಹದಿನೇಳನೆಯವರ ರೆಕಾರ್ಡಿಂಗನ್ನು ಮೂರು ಸಲ ಕೇಳಿದೆ. ಕುರ್ಲಾದಲ್ಲಿ ಗಾಡಿ ಬದಲಿಸುವಾಗ ಚಪ್ಪಲಿ ಹಳಿಯ ಮೇಲೆ ಬಿದ್ದ ಕಥೆ ಹೇಳಿ, ಕೊನೆಗೆ ಮೂಗಿನಲ್ಲಿ ಸಣ್ಣಗೆ ನಗುತ್ತಾರೆ. ಆ ನಗು ನನಗೆ ಗೊತ್ತಿತ್ತು. ಹಳೆಯ ಫೈಲುಗಳನ್ನು ಒಂದೊಂದಾಗಿ ತೆರೆದೆ. ಅಕ್ಟೋಬರಿನ ಆರನೇ ನಂಬರಿನಲ್ಲಿ ಅದೇ ನಗು.

ಮರುದಿನ ಫೋರ್ಟ್‌ಗೆ ಹೋದೆ. ಮ್ಯಾನೇಜರ್ ಗಲ್ಲಾದಲ್ಲಿ ಕೂತಿದ್ದರು.

“ಅಂಕಲ್, ಆರನೇ ನಂಬರು, ಹದಿನೇಳನೇ ನಂಬರು ಒಬ್ಬರೇನಾ?”

“ಹೌದಲ್ಲ. ಅವ ದೀಪಾವಳಿವರೆಗೆ ಕೆಳಗೆ ಇದ್ದ. ಈಗ ಮೇಲೆ ಎ.ಸಿ. ಹಾಲಿಗೆ ಹಾಕಿದ್ದೇನೆ.”

“ಮತ್ತೆ ನಂಬರು ಯಾಕೆ ಬದಲಾಯ್ತು?”

“ಎಂತ ಮಾರಾಯ್ರೆ, ನಂಬರು ಟೇಬಲಿಗೆ, ಜನಕ್ಕಲ್ಲ. ಆರು ಅಂದ್ರೆ ಆ ಕಿಟಕಿ ಬದಿಯ ನಾಲ್ಕು ಟೇಬಲ್. ಯಾರು ನಿಂತರೂ ಅವ ಆರು.”

ನಾನು ನೋಟ್‌ಬುಕ್ ತೆರೆದೆ. ಅವರು ಬಿಲ್ಲುಗಳನ್ನು ತಂತಿಗೆ ಚುಚ್ಚುತ್ತಲೇ ಒಬ್ಬೊಬ್ಬರ ಚರಿತ್ರೆ ಹೇಳಿದರು. ಪರೀಕ್ಷೆಯ ಆರು ಜನರಲ್ಲಿ ನಾಲ್ವರು ಮೊದಲು ಕೆಳಗೆ ದುಡಿದವರು, ಅಂದರೆ ಪ್ರೋಗ್ರಾಂ ಆಗಲೇ ಕೇಳಿದ್ದ ದನಿಗಳು. ಒಂಬತ್ತನೇ ನಂಬರಂತೂ ಇಬ್ಬರು. ಅಣ್ಣ ಊರಿನ ಭೂತಕೋಲಕ್ಕೆಂದು ಹೋದಾಗ ತಮ್ಮ ಬದಲಿಯಾಗಿ ಬಂದು ಅದೇ ಅಂಗಿ ತೊಟ್ಟಿದ್ದ.

“ಇಷ್ಟು ಕಲಿತವರಿಗೆ ಇದು ಗೊತ್ತಿಲ್ವಾ?” ಎಂದು ಮ್ಯಾನೇಜರ್ ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. “ದೊಡ್ಡ ನಷ್ಟ ಆಯ್ತಾ?”

“ನಾನು ಕೇಳಬೇಕಿತ್ತು ಅಂಕಲ್. ಕೇಳಲೇ ಇಲ್ಲ.”

ಚರ್ಚ್‌ಗೇಟ್‌ನಿಂದ ತಂದೆಯ ಜೊತೆ ಮನೆಗೆ ಹೊರಟೆ. ಅಂಧೇರಿ ದಾಟಿದ ಮೇಲೆ ಇಬ್ಬರಿಗೂ ಸೀಟು ಸಿಕ್ಕಿತು. ವಿಷಯ ಹೇಳಿದೆ.

“ನಿನ್ನ ಬಿಟ್ಟು ಯಾರಿಗರ ಗೊತ್ತೈತೇನು?” ಎಂದು ಕೇಳಿದರು.

“ಇಲ್ಲ.”

ಬೋರಿವಲಿಯಲ್ಲಿ ಇಳಿಯುವವರಿಗೆ ಅವರು ಕಾಲು ಮಡಚಿ ದಾರಿ ಬಿಟ್ಟರು. ಆಮೇಲೆ, “ನಾ ಕೇಳಬಾರದಿತ್ತವಾ ಹಂಗ. ಸೀಟಿನ ಆಸೆ ನನಗೂ ಐತಿ,” ಎಂದರು.

ಗುರುವಾರ ಬೆಳಿಗ್ಗೆ ಮೇಡಂ ಕೋಣೆಗೆ ಹೋದೆ. ಅವರು ಮರಾಠಿಯವರು, ನಮ್ಮ ಮಾತು ಹಿಂದಿಯಲ್ಲಿ. ಎರಡು ಪುಟದ ಪಟ್ಟಿಯನ್ನು ಅವರ ಮುಂದಿಟ್ಟೆ: ಯಾವ ದಿನ, ಯಾವ ನಂಬರು, ನಿಜವಾಗಿ ಯಾರು. ಅವರು ಪೂರ್ತಿ ಓದಿದರು. ಅರ್ಜಿಯನ್ನು ಹಿಂತೆಗೆದುಕೊಂಡು ಮುಂದಿನ ವರ್ಷ ಹಾಕಬಹುದು, ಇಲ್ಲವೇ ಒಂಬತ್ತನ್ನು ಹೊಡೆದುಹಾಕಿ ಬರಿಗೈಲಿ ಸಂದರ್ಶನಕ್ಕೆ ಹೋಗಬಹುದು ಎಂದರು.

“ಹದಿನಾಲ್ಕು ದಿನ ಇದೆ ಮೇಡಂ. ಹೊಸ ಆರು ಜನರನ್ನು ತರುತ್ತೇನೆ.”

“ಅಂಕ ಇಳಿಯುತ್ತದೆ, ಗೊತ್ತಲ್ಲ?”

“ಇಳಿಯಲಿ. ನಿಜವಾದ ಅಂಕ ಎಷ್ಟು ಅಂತ ನನಗೂ ಗೊತ್ತಾಗಬೇಕು.”

ಅದೇ ದಿನ ಆಯ್ಕೆ ಸಮಿತಿಗೆ ತಿದ್ದುಪಡಿ ಪತ್ರ ಬರೆದು, ಮೇಡಂ ಸಹಿ ಹಾಕಿಸಿ ಕೊಟ್ಟೆ. ಕೊಟ್ಟ ಮೇಲೆ ಹಿಂದೆ ಸರಿಯುವ ದಾರಿ ಉಳಿಯಲಿಲ್ಲ. ಅದರಿಂದ ಕೆಲಸ ಸುಲಭವಾಯಿತು.

ಹೊಸಬರನ್ನು ಹುಡುಕಿಕೊಟ್ಟವರು ಫೋರ್ಟ್‌ನ ಮ್ಯಾನೇಜರೇ. “ನಮ್ಮ ಭಾವನ ಹೋಟೆಲು ಕುರ್ಲಾದಲ್ಲಿ ಉಂಟು. ನಾನು ಫೋನ್ ಮಾಡ್ತೇನೆ. ಈ ಸಲ ನಂಬರು ಕೇಳಬೇಡಿ. ಊರು ಕೇಳಿ, ಎಷ್ಟು ಹೋಟೆಲು ತಿರುಗಿದ್ದಾನೆ ಕೇಳಿ.”

ಶನಿವಾರ, ಭಾನುವಾರ ಕುರ್ಲಾಕ್ಕೆ ಹೋದೆ. ಆರೂ ಜನರ ಮುಖ ನೋಡಿ ಮಾತಾಡಿಸಿದೆ. ಫೋರ್ಟ್‌ನ ಆ ಹೋಟೆಲಿನಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ ಎಂದು ಖಚಿತಪಡಿಸಿಕೊಂಡು, ಒಬ್ಬೊಬ್ಬರಿಗೂ ನಾನೇ ಒಂದು ಗುರುತು ಕೊಟ್ಟೆ. ಎದುರು ಕೂತರೆ ಪಾಠ ಒಪ್ಪಿಸುತ್ತಾರಲ್ಲ, ಅದಕ್ಕೆ ಇಬ್ಬಿಬ್ಬರನ್ನು ಜೊತೆಗೆ ಕೂರಿಸಿ, ನಾನು ಗೋಡೆಯ ಕಡೆ ತಿರುಗಿ ಕೂತೆ.

“ನೀನು ಶುರು ಮಾಡು,” ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ.

“ಎಂತ ಹೇಳೂದು? ನಿನ್ನ ಗೊರಕೆ ಕಥೆ ಹೇಳ್ಲಾ?”

“ಹೇಳು, ಹೇಳು. ಕಂಪ್ಯೂಟರ್ ಅದನ್ನೂ ಕಲೀಲಿ.”

“ಕಲಿತ್ರೆ ಅದಕ್ಕೂ ರೂಮಲ್ಲಿ ಜಾಗ ಕೊಡ್ಲಿಕ್ಕಿಲ್ಲ ಯಾರೂ!”

ಗೋಡೆ ನೋಡುತ್ತ ನಕ್ಕೆ. ನನ್ನ ನಗುವೂ ರೆಕಾರ್ಡ್ ಆಯಿತು, ಆಮೇಲೆ ಕತ್ತರಿಸಿದೆ.

ಆ ಆರು ಜನರ ಮಾತನ್ನು ಕೇಳಿ ಕೇಳಿ ಕೈಯಿಂದ ಬರೆಯಲು ಐದು ದಿನ ಹಿಡಿಯಿತು. ತುಳು ಬೆರೆತ ಕಡೆ ಮ್ಯಾನೇಜರಿಗೆ ಫೋನ್ ಮಾಡಿ ಕೇಳುತ್ತಿದ್ದೆ. ಒಟ್ಟು ಹದಿನಾರು ಸಲ. ಫೋರ್ಟ್‌ನ ಹಳೆಯ ಫೈಲುಗಳಿಗೂ ಸರಿಯಾದ ಗುರುತು ಹಾಕಿ, ಅವನ್ನೆಲ್ಲ ಕಲಿಕೆಗೆ ಸೇರಿಸಿದೆ. ಇಪ್ಪತ್ತನಾಲ್ಕನೇ ತಾರೀಖು ಸೋಮವಾರ ಮಧ್ಯಾಹ್ನ ಹೊಸ ಪರೀಕ್ಷೆ ಮುಗಿಯಿತು. ನೂರಕ್ಕೆ ಮೂವತ್ತೊಂದು ತಪ್ಪು.

ಕ್ಯಾಂಟೀನಿಗೆ ಹೋಗಿ ಒಂದು ಚಹಾ ಕುಡಿದು ಬಂದೆ. ಮೂವತ್ತೊಂದನ್ನು ಬಿಡಿಸತೊಡಗಿದೆ. ಹನ್ನೆರಡು ಹಿಂದಿ, ಮರಾಠಿ ಪದಗಳಲ್ಲಿ ಬಂದವು, ಹತ್ತು ತುಳುವಿನಲ್ಲಿ, ಉಳಿದ ಒಂಬತ್ತು ಬರೀ ಕನ್ನಡದಲ್ಲಿ. ಎರಡು ದಿನ ಅದೇ ಕೆಲಸ.

ಸಂದರ್ಶನದಲ್ಲಿ ಐವರಿದ್ದರು. ಮೊದಲ ಸ್ಲೈಡಿನಲ್ಲೇ ಮೂವತ್ತೊಂದನ್ನು ಹಾಕಿದೆ, ಎರಡನೆಯದರಲ್ಲಿ ಒಂಬತ್ತು ಹೇಗೆ ಬಂದಿತ್ತೆಂದು ಹೇಳಿದೆ. ಒಬ್ಬರು ಪೆನ್ನು ಮೇಜಿಗೆ ತಟ್ಟುತ್ತ, ಇದೇ ತಪ್ಪನ್ನು ಮತ್ತೆ ಮಾಡುವುದಿಲ್ಲವೆಂದು ಹೇಗೆ ನಂಬುವುದು ಎಂದು ಕೇಳಿದರು.

“ಇದನ್ನು ಮಾಡಲಾರೆ. ಬೇರೆ ಮಾಡಬಹುದು. ಅದು ಬೇಗ ಕಣ್ಣಿಗೆ ಬೀಳಲಿ ಅಂತಲೇ ಪ್ರತಿ ತಪ್ಪನ್ನೂ ಕೂತು ಕೇಳುತ್ತೇನೆ,” ಎಂದೆ.

ಮಾರ್ಚ್ ಹತ್ತರಂದು ಆಯ್ಕೆಯ ಪಟ್ಟಿ ಬಂತು. ಇದ್ದ ಸೀಟು ನಾಲ್ಕು. ನನ್ನ ಹೆಸರು ಕಾಯುವವರ ಪಟ್ಟಿಯಲ್ಲಿ, ಮೊದಲನೆಯದು. ಒಂಬತ್ತು ಹಾಗೇ ಇದ್ದಿದ್ದರೆ ಏನಾಗುತ್ತಿತ್ತೆಂಬ ಲೆಕ್ಕ ನಾನು ಹಾಕಲಿಲ್ಲ; ಹಾಕದಿರಲು ಸ್ವಲ್ಪ ಕಷ್ಟಪಟ್ಟೆ. ಮೇಡಂ ನನ್ನ ಹುದ್ದೆಯನ್ನು ಮೂರು ತಿಂಗಳು ಮುಂದುವರಿಸಲು ಬರೆದರು, ಒಪ್ಪಿಗೆ ಸಿಕ್ಕಿತು. ಆಮೇಲೆ ತಾವೇ ಪಟ್ಟಿಯ ಪ್ರತಿಯನ್ನು ಮಡಚಿ ಡ್ರಾಯರಿಗೆ ಹಾಕಿ, “ಈಗ ಮೊದಲು ಏನು?” ಎಂದು ಕೇಳಿದರು.

“ತುಳುವಿನ ಹತ್ತು ತಪ್ಪು,” ಎಂದೆ.