ಹನುಮಕ್ಕ ಕಟ್ಟಿದ ನೂಲು

ಹನುಮಕ್ಕ ಗುಡ್ಡಕ್ಕೆ ಬೈಯುತ್ತಿದ್ದಳು. ಕುರಿಗೋ ಸೊಸೆಗೋ ಬೈದಷ್ಟೇ ಸಲೀಸಾಗಿ, ಕೈಯಲ್ಲಿ ಉಣ್ಣೆ ನೂಲುತ್ತಲೇ, ಊರ ಹಿಂದಿನ ಕೆಂಪು ಗುಡ್ಡದ ಕಡೆ ಮುಖ ಮಾಡಿ, "ಲೇ, ಮತ್ತೆ ನಡೆಯಾಕೆ ಸುರು ಮಾಡಿದೇನ್ಲೇ?" ಎನ್ನುವಳು. ಮಾರಿಕಣಿವೆಯ ಹಿನ್ನೀರಿನಾಚೆ ಹೊಸದುರ್ಗದ ದಿಕ್ಕಿಗಿರುವ ಆ ಹಟ್ಟಿಗೆ ಜಲಾನಯನ ಕೆಲಸದ ಮೇಲೆ ಹೋದ ಮೊದಲ ದಿನವೇ ಇದನ್ನು ಕೇಳಿ, ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡೆ. ನನ್ನ ಈ ಆತುರದ ತೀರ್ಮಾನಗಳ ಕಥೆ ಮುಂದೆಯೂ ಬರುತ್ತದೆ.

ಹುಟ್ಟಿದಾಗಿನಿಂದ ಕುರಿ ಹಿಂದೆ ಗುಡ್ಡ ಸುತ್ತಿದವಳು. ಗುಡ್ಡ ಇಳಿಯುವುದರಲ್ಲಿ ಎಷ್ಟು ಬಗೆ ಎಂಬುದು ಅವಳಿಗೆ ಬಾಯಿಪಾಠ. ದುರ್ಗದ ಕಡೆಯ ಬಂಡೆಗುಡ್ಡಗಳು ಉರುಳುತ್ತವೆ, ಬುಡದ ಮಣ್ಣು ಕೊಚ್ಚಿಹೋದ ಮೇಲೆ ಕಲ್ಲು ಎಷ್ಟು ದಿನ ನಿಂತೀತು? ಪದರಗಲ್ಲು ಇಳಿಜಾರಿನ ಕಡೆಗೇ ವಾಲಿದ್ದರೆ ಜಾರುತ್ತದೆ. ಮೊರಂ ಗುಡ್ಡ, ಅಂದರೆ ಕೆಂಪು ಗರಸುಮಣ್ಣಿನದು, ನೆನೆದು ಕುಸಿಯುತ್ತದೆ. ಹಳ್ಳದ ತಲೆಯಲ್ಲಿ ಮಣ್ಣು ನೀರು ಕಲೆತು ಅಂಬಲಿಯಾಗಿ ಹರಿಯುತ್ತದೆ. ಇನ್ನು ಕೆಲವು ಯಾರ ಕಣ್ಣಿಗೂ ಬೀಳದೆ ವರ್ಷವಿಡೀ ತೆವಳುತ್ತವೆ. "ಬೇಲಿ ಕಂಬ ನೋಡ್ರಿ ಸಾರ್. ನೆಡುವಾಗ ನೆಟ್ಟಗಿದ್ವು. ಈಗ ಎಲ್ಲಾ ಊರ ಕಡೆ ಬಗ್ಗಿ ಅವೆ. ಕಂಬ ಏನು ಕುಡುದೈತಾ?" ಎಂದು ನಗುತ್ತಿದ್ದಳು. ಇದನ್ನೇ ನಾನು ಡಿಪ್ಲೊಮಾದಲ್ಲಿ ಚಿತ್ರ ಬರೆದು ಪಾಸಾಗಿದ್ದೆ. ಪಾಸಾದ ಮೇಲೆ ಮರೆತಿದ್ದೆ.

ನಮ್ಮ ಸೀಮೆಯಲ್ಲಿ ಬಿದ್ದ ಮಳೆಯನ್ನು ಹರಿಯಬಿಡುವುದೆಂದರೆ ಅನ್ನ ಚೆಲ್ಲಿದಂತೆ. ಹಾಗಾಗಿ ಆ ಕೆಂಪು ಗುಡ್ಡದ ನೆತ್ತಿಯಲ್ಲಿ ಸಾಲುಸಾಲಾಗಿ ಇಂಗುಗುಂಡಿ ತೋಡಿಸಿದೆ. ರಸ್ತೆಗೆ ಮೊರಂ ಬೇಕೆಂದು ಊರವರು ಅದರ ಬುಡವನ್ನು ಮೊದಲೇ ಕಡಿದಿದ್ದರು. ಹಾಗೆ ಕಡಿದು ಸಿಕ್ಕ ಸಮತಟ್ಟು ಜಾಗದಲ್ಲೇ ಅಂಗನವಾಡಿ ಇತ್ತು. ಹನುಮಕ್ಕ ಸೊಂಟದ ಮೇಲೆ ಕೈಯಿಟ್ಟು ಗುಂಡಿಗಳನ್ನು ನೋಡಿದಳು.

"ಕಾಲು ಕಡುದು ಬಾಯಿಗೆ ನೀರು ಹೊಯ್ತೀರಲ್ಲ ಸಾರ್, ಅದು ನಿಂತ್ಕಣಾದು ಹೆಂಗೆ?"

"ನೀರು ಇಂಗಿದ್ರೆ ನಿಮ್ಮ ಬೋರ್‌ವೆಲ್‌ಗೇ ಬರೋದು ಹನುಮಕ್ಕ," ಎಂದೆ. ಊರೆಲ್ಲ ನನ್ನ ಕಡೆ. ನೀರು ಬೇಡ ಅನ್ನುವವರ ಮಾತನ್ನು ಇಲ್ಲಿ ಯಾರು ಕೇಳುತ್ತಾರೆ?

ಆ ವರ್ಷ ಮಳೆ ಬಿಡದೆ ಹೊಡೆಯಿತು. ಗುಂಡಿಗಳು ತುಂಬಿದವು. ನಾನು ಮೊಬೈಲಿನಲ್ಲಿ ಫೋಟೊ ತೆಗೆದು ಮೇಲಿನವರಿಗೆ ಕಳಿಸಿ ಬೀಗುತ್ತಿದ್ದಾಗ, ಒಂದು ಬೆಳಿಗ್ಗೆ ಹನುಮಕ್ಕ ಕಂಬಳಿ ಕೊಪ್ಪೆ ಹಾಕಿಕೊಂಡು ಪಂಚಾಯಿತಿಗೆ ಬಂದು, ಮೇಜಿನ ಮೇಲೆ ಹರಿದ ಉಣ್ಣೆ ನೂಲಿನ ಎರಡು ತುಂಡು ಇಟ್ಟಳು. ಗುಂಡಿಗಳ ಕೆಳಗೆ ನೆಲ ಅರ್ಧಚಂದ್ರದ ಹಾಗೆ ಬಿರುಕು ಬಿಟ್ಟಿತ್ತಂತೆ. ಬಿರುಕಿನ ಆಚೆಗೊಂದು ಈಚೆಗೊಂದು ಗೂಟ ಹೊಡೆದು ನಡುವೆ ನೂಲು ಬಿಗಿದಿದ್ದಳಂತೆ.

"ಎರಡು ಸಲ ಕಟ್ದೆ, ಎರಡು ಸಲನೂ ಹರೀತು. ಮಕ್ಕಳನ್ನ ಅಲ್ಲಿಂದ ಎಬ್ಬಿಸ್ರಿ."

"ಕುರಿ ಕಾಲಿಗೆ ಸಿಕ್ಕಿರಬೇಕು."

"ಕುರಿ ಎಲ್ಲಾ ರೊಪ್ಪದಾಗೇ ಅವೆ. ನೀವೇ ಬಂದು ಕಟ್ರಿ, ಹೋಗಾಣ. ಸಂಜೆ ತನಕ ಮಕ್ಕಳು ನಮ್ಮ ಜಗಲಿ ಮ್ಯಾಲೆ ಇರ್ಲಿ."

ಮಕ್ಕಳನ್ನು ಜಗಲಿಗೆ ಕಳಿಸಿ ಅವಳ ಜೊತೆ ಗುಡ್ಡ ಹತ್ತಿದೆ. ನಾನೇ ಬಿಗಿಯಾಗಿ ಕಟ್ಟಿದೆ. ಸಂಜೆ ಹೋಗಿ ನೋಡಿದರೆ ನೂಲು ಹರಿದಿತ್ತು, ಬಿರುಕಿನೊಳಗೆ ನನ್ನ ಅಂಗೈ ಹೋಗುತ್ತಿತ್ತು. ನಾಚಿಕೆಯೂ ಭಯವೂ ಒಟ್ಟಿಗೆ ಬಂದವು. ಮಕ್ಕಳು ಜಗಲಿಯಲ್ಲೇ ಇರಲಿ ಎಂದೆ. ಮರುದಿನ ಆಳು ಹಚ್ಚಿ ಗುಂಡಿಗಳಿಗೆಲ್ಲ ಕೋಡಿ ಒಡೆಸಿ, ನೀರನ್ನು ಪಕ್ಕದ ಹಳ್ಳಕ್ಕೆ ಬಿಡಿಸಿದೆ.

ಅಷ್ಟರಲ್ಲಿ ಮಳೆ ನಿಂತು ಬಿಸಿಲು ಬಂತು. ಗುಡ್ಡ ಮಾತ್ರ ಅಲ್ಲೇ ಇತ್ತು. ಜಗಲಿಗೆ "ಕುರಿ ಇಸ್ಕೂಲು" ಎಂದು ಹೆಸರು ಬಿತ್ತು. ಮಕ್ಕಳ ಬಟ್ಟೆಯೆಲ್ಲ ಕುರಿ ವಾಸನೆ ಎಂದು ಅಂಗನವಾಡಿ ಟೀಚರ್ ರತ್ನಮ್ಮ ಸಿಡಿಮಿಡಿಗುಟ್ಟಿದರು. ಹನುಮಕ್ಕ ಜಗ್ಗಲಿಲ್ಲ. "ಮಳೆ ನಿಂತ್ರೆ ಆತಾ? ಕುಡಿದ ನೀರು ಹೊಟ್ಟೆಗೆ ಇಳಿಯಾಕೆ ಹೊತ್ತು ಬ್ಯಾಡ್ವಾ?"

ಮೂರನೆಯ ದಿನ ಹನ್ನೊಂದರ ಹೊತ್ತಿಗೆ, ಮಕ್ಕಳು ಜಗಲಿಯ ಮೇಲೆ ಉಪ್ಪಿಟ್ಟು ತಿನ್ನುತ್ತಿದ್ದಾಗ, ಗುಡ್ಡ ಕುಸಿಯಿತು. ದಣಿದವರು ನೆಲಕ್ಕೆ ಕೂತಂತೆ ಕೂತಿತು. ನೆತ್ತಿಯ ಮೇಲಿದ್ದ ಜಾಲಿಮರ ನಿಂತ ನಿಲುವಿನಲ್ಲೇ ಕೆಳಗೆ ಬಂತು. ಅಂಗನವಾಡಿಯ ಹಿಂದಿನ ಗೋಡೆ ಒಳಕ್ಕೆ ಬಿದ್ದು, ಪುಟ್ಟ ಕುರ್ಚಿಗಳೆಲ್ಲ ಮಣ್ಣಿನಡಿ ಹೋದವು. ಹನುಮಕ್ಕ ಮಕ್ಕಳ ತಲೆ ಮುಟ್ಟಿ ಮುಟ್ಟಿ ಎರಡು ಸಲ ಎಣಿಸಿದಳು. ಒಂದು ಮಗು ಇನ್ನೊಂದು ಸೌಟು ಉಪ್ಪಿಟ್ಟು ಕೇಳಿತು.

ಮಾರನೆಯ ದಿನ ನಮ್ಮ ಇಲಾಖೆಯ ಸಾಹೇಬರು ಬಂದರು. ಮಕ್ಕಳನ್ನು ಎಬ್ಬಿಸಿದವರು ಯಾರು ಎಂದು ಕೇಳಿದರು. "ಈ ಸಾರೇ. ನೂಲು ಕಟ್ಟಿ ನೋಡಿದ್ರು," ಎಂದಳು ಹನುಮಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಂಡಿಗಳ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಸಾಹೇಬರು ಹೋದ ಮೇಲೆ ಅವಳ ಮನೆಗೆ ಹೋಗಿ, ನಿಜ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನಿಮ್ಮನ್ನ ಎತ್ತಂಗಡಿ ಮಾಡ್ತಿದ್ರು. ಹೊಸಬ ಬಂದು ಇನ್ನೊಂದು ಗುಡ್ಡಕ್ಕೆ ನೀರು ಕುಡಿಸ್ತಿದ್ದ. ನೀವಾದ್ರೆ ಇನ್ನ ಕುಡಿಸಾಕಿಲ್ಲ. ಮಜ್ಜಿಗೆ ಕುಡೀರಿ."

ಆಮೇಲೆ ಹಿರಿಯೂರು, ಹೊಳಲ್ಕೆರೆ ಎಂದು ಹತ್ತಾರು ಗುಡ್ಡ ನೋಡಿದೆ. ಬುಡ ಕಡಿದ ಯಾವ ಗುಡ್ಡದ ಮೇಲೂ ಗುಂಡಿ ತೋಡಿಸಲಿಲ್ಲ. ಆದರೆ ಊರವರೆದುರು ಬಾಯಿ ಬಿಡದ ಆ ದಿನ ಮನಸ್ಸಿನಲ್ಲಿ ಮುಳ್ಳಾಗಿಯೇ ಉಳಿಯಿತು.

ಹೋದ ವರ್ಷ ಹನುಮಕ್ಕ ತೀರಿಕೊಂಡಳು. ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿ ಬಂದು ಎಲ್ಲರೂ ಅವಳ ಜಗಲಿಯ ಮೇಲೆ ಕೂತಿದ್ದರು. ಇನ್ನು ತಡೆಯಲಾಗಲಿಲ್ಲ. ನಿಂತುಕೊಂಡೇ ಹೇಳಿದೆ: "ಆ ಗುಡ್ಡ ಕುಸಿದಿದ್ದು ನನ್ನ ಗುಂಡಿಗಳಿಂದ. ಮಕ್ಕಳನ್ನು ಉಳಿಸಿದ್ದು ಹನುಮಕ್ಕ."

ಯಾರಿಗೂ ಆಶ್ಚರ್ಯವಾಗಲಿಲ್ಲ. ರತ್ನಮ್ಮ ಕಣ್ಣೊರೆಸಿಕೊಂಡು ಸರಿದು ಜಾಗ ಮಾಡಿದರು.

"ಗೊತ್ತೈತೆ, ಕುಂತ್ಕಳ್ರಿ ಸಾರ್. ಸಾಹೇಬ್ರು ಬರಾಕೆ ಮುಂಚೆನೇ ಆಯಮ್ಮ ಮನೆ ಮನೆಗೂ ಬಂದು, ಗುಂಡಿ ಇಸ್ಯ ಯಾರೂ ಎತ್ತಬ್ಯಾಡ್ರಿ, ಹುಡುಗ ಒಳ್ಳೇನು ಅಂತ ಹೇಳಿ ಹೋಗಿದ್ಲು."